ಗುಂಡು ನುಂಗುವ ಪೆಟ್ಟಿಗೆ

ನಮ್ಮವರ ಬಲಗಣ್ಣು ಹೋದದ್ದು ಒಂದು ಮಂಗಳವಾರ ಬೆಳಿಗ್ಗೆ. ನಾನು ಅಡುಗೆಮನೆಯಲ್ಲಿ ಹಾಸುನೂಲಿಗೆ ಗಂಜಿ ಕಾಯಿಸುತ್ತಿದ್ದೆ.

ತಮಿಳು ಸೀಮೆಗೆ ಎಂದೋ ಬಂದು ನೆಲೆಸಿದ ಕನ್ನಡ ನೇಕಾರರು ನಾವು. ಸೇಲಂ ಪಟ್ಟಣದ ನೇಕಾರರ ಬೀದಿಯಲ್ಲಿ ನಮ್ಮದು ಉದ್ದನೆಯ, ಇಕ್ಕಟ್ಟಾದ ಮನೆ. ಬೀದಿಬಾಗಿಲು ದಾಟಿದರೆ ಮೊದಲು ಸಿಗುವುದು ಮಗ್ಗದ ಹಜಾರ. ಅಲ್ಲಿ ಎರಡು ಗುಂಡಿಮಗ್ಗಗಳು, ಒಂದು ಮಾವನವರದು, ಇನ್ನೊಂದು ನಮ್ಮವರದು. ಅಪ್ಪ ಮಗ ಇಬ್ಬರೂ ಗುಂಡಿಗೆ ಕಾಲಿಳಿಸಿ ಕುಳಿತರೆ ನಡುವೆ ಎರಡು ಮೊಳ ಜಾಗ ಉಳಿಯುತ್ತಿತ್ತು. ಹಗ್ಗ ಜಗ್ಗಿದರೆ ಲಾಳಿ ಈ ತುದಿಯಿಂದ ಆ ತುದಿಗೆ ಹಾರುತ್ತದೆ. ಮರದ್ದೇ ಆದರೂ ಅದರ ಎರಡು ಮೂತಿಗೂ ಕಬ್ಬಿಣ ಕಟ್ಟಿರುತ್ತಾರೆ. ಆ ದಿನ ಮಾವನವರ ಮಗ್ಗದ ಲಾಳಿ ತುದಿಯಲ್ಲಿ ನಿಲ್ಲದೆ ಹೊರಕ್ಕೆ ಚಿಮ್ಮಿ ಪಕ್ಕದಲ್ಲಿ ಕುಳಿತಿದ್ದ ಮಗನ ಕಣ್ಣಿಗೆ ಬಡಿಯಿತು.

ಎರಡು ಮಗ್ಗವೂ ಒಟ್ಟಿಗೇ ನಿಂತವು. ನೇಕಾರರ ಮನೆಯ ಹೆಂಗಸರು ಸದ್ದಿಗೆ ಬೆಚ್ಚುವುದಿಲ್ಲ, ಸದ್ದು ನಿಂತರೆ ಬೆಚ್ಚುತ್ತಾರೆ. ಸೌಟು ಕೈಯಲ್ಲಿ ಹಿಡಿದುಕೊಂಡೇ ಓಡಿದೆ. ನಮ್ಮವರು ಎರಡು ಅಂಗೈಯನ್ನೂ ಮುಖಕ್ಕೆ ಒತ್ತಿಕೊಂಡು ಗುಂಡಿಯಲ್ಲೇ ಕುಳಿತಿದ್ದರು. ಬೆರಳಿನ ಸಂದಿಯಿಂದ ಇಳಿದದ್ದು ಅರ್ಧ ನೇಯ್ದ ಪಂಚೆಯ ಅಂಚಿನ ಮೇಲೆ ಹನಿಯುತ್ತಿತ್ತು. ಮಾವನವರು ಹಗ್ಗದ ಹಿಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಉಳಿಯಲಿಲ್ಲ. ಗಾಯ ಮಾತ್ರ ಬೇಗ ಒಣಗಿತು. ನಮ್ಮ ಕಷ್ಟ ಶುರುವಾದದ್ದು ಗಾಯ ಒಣಗಿದ ಮೇಲೆ.

ಒಂದು ಕಣ್ಣು ಚೆನ್ನಾಗಿದೆಯಲ್ಲ, ಅಷ್ಟರಲ್ಲಿ ಬದುಕಬಹುದು ಎಂದು ನಾನು ತಿಳಿದಿದ್ದೆ. ಆದರೆ ಅವರಿಗೆ ದೂರ ತಿಳಿಯದೆ ಹೋಯಿತು. ಮಜ್ಜಿಗೆ ಲೋಟದ ಪಕ್ಕಕ್ಕೆ ಬೀಳುತ್ತಿತ್ತು. ಚೊಂಬನ್ನು ಗೂಡಿನಲ್ಲಿಡಲು ಹೋಗಿ ಗಾಳಿಯಲ್ಲಿ ಬಿಡುತ್ತಿದ್ದರು. ಹೊಸಿಲಿಗೆ ಎತ್ತಬೇಕಾದ ಕಾಲನ್ನು ಒಂದು ಹೆಜ್ಜೆ ಮೊದಲೇ ಎತ್ತಿ ಎಡವುತ್ತಿದ್ದರು. ಮಗ್ಗದ ಮುಂದೆ ಕುಳಿತಾಗ ನೋಡಲಾಗುತ್ತಿರಲಿಲ್ಲ. ಹಾಸಿನ ಒಂದು ಎಳೆ ಹರಿದರೆ ಅದನ್ನು ಹುಡುಕಿ, ಗಂಟು ಹಾಕಿ, ಹಣಿಗೆಯ ಹಲ್ಲಿನ ಸಂದಿಯಲ್ಲಿ ತೂರಿಸಬೇಕು. ಕೂದಲಿನಷ್ಟು ಸಂದಿ. ಮೊದಲು ಅವರು ಮಾತಾಡುತ್ತಲೇ ಮಾಡುತ್ತಿದ್ದ ಕೆಲಸ. ಈಗ ಅವರ ಬೆರಳು ಎಳೆಯ ಈಚೆಗೇ ಮುಚ್ಚಿಕೊಳ್ಳುತ್ತಿತ್ತು, ಸೊಳ್ಳೆ ಹಿಡಿಯಲು ಹೋದವರ ಹಾಗೆ. ಮೂರು ದಿನ ಪ್ರಯತ್ನಪಟ್ಟರು. ನಾಲ್ಕನೆಯ ದಿನ ಮಗ್ಗದ ಕಡೆಗೆ ಬರಲಿಲ್ಲ.

ಮಾವನವರು ಆ ದಿನದಿಂದ ಮಗನೊಡನೆ ಮಾತು ಬಿಟ್ಟರು. ಕೋಪದಿಂದಲ್ಲ. ತಪ್ಪು ತನ್ನ ಲಾಳಿಯದು ಎಂಬುದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಏನಾದರೂ ಹೇಳಬೇಕಾದರೆ ಮಗ ಎದುರಿಗೇ ಇದ್ದರೂ ನಮ್ಮತ್ತೆಗೆ ಹೇಳುತ್ತಿದ್ದರು. "ಊಟಕ್ಕೆ ಕುಂತ್ಕೊಳೋಕೆ ಅನ್ನು ಅವನಿಗೆ." ಅತ್ತೆ ತಿರುಗಿ, "ಕುಂತ್ಕೋಬೇಕಂತೆ ಕಣಪ್ಪಾ" ಎನ್ನುತ್ತಿದ್ದರು. ಬೇರೆ ಕಾಲವಾಗಿದ್ದರೆ ನಗು ಬರುತ್ತಿತ್ತೇನೋ.

ಒಂದು ಮಧ್ಯಾಹ್ನ ಪಾತ್ರೆ ತೊಳೆಯಲು ಹಿತ್ತಲಿಗೆ ಹೋದಾಗ ನಮ್ಮವರು ಬಾವಿಕಟ್ಟೆಯ ಮೇಲೆ ಕುಳಿತಿದ್ದರು. ಎಲ್ಲರೂ ಕುಳಿತುಕೊಳ್ಳುವ ಹಾಗೆ ಅಲ್ಲ. ಕಾಲು ಬಾವಿಯ ಒಳಕ್ಕೆ ಇಳಿಬಿಟ್ಟಿದ್ದರು.

ಪಾತ್ರೆಗಳನ್ನು ಸದ್ದಾಗದಂತೆ ನೆಲಕ್ಕಿಟ್ಟೆ. ಹತ್ತಿರ ಹೋಗಿ ಅವರ ಅಂಗವಸ್ತ್ರದ ತುದಿ ಹಿಡಿದುಕೊಂಡೆ. ಕೈ ಹಿಡಿಯಲು ಧೈರ್ಯ ಬರಲಿಲ್ಲ.

"ಏನ್ ಮಾಡ್ತಾ ಇದೀರಿ?" ಎಂದೆ.

"ನೀರು ಎಷ್ಟು ಕೆಳಗೈತೆ ಅಂತ ನೋಡ್ತಾ ಇವ್ನಿ," ಎಂದರು. "ಗೊತ್ತೇ ಆಗ್ತಿಲ್ಲ. ಕೈ ಚಾಚಿದ್ರೆ ಸಿಗೋ ಅಂಗೈತೆ."

"ಬನ್ನಿ. ಕಾಫಿ ಕಾಯ್ಸಿದೀನಿ."

ಕಾಯಿಸಿರಲಿಲ್ಲ. ಅವರು ಬಂದರು. ಹಾಲು ಇರಲಿಲ್ಲ, ಪಕ್ಕದ ಮನೆಯಿಂದ ಓಡಿ ತಂದು ಕಾಯಿಸಿದೆ. ಆ ಹೊತ್ತಿನಿಂದ ನನ್ನ ಕಿವಿ ಯಾವಾಗಲೂ ಅವರಿರುವ ಕಡೆಗೇ ಇರುತ್ತಿತ್ತು. ಹಿಟ್ಟು ರುಬ್ಬುವಾಗ ರುಬ್ಬುಗುಂಡನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಅತ್ತೆಗೆ ಹೇಳಿದರೆ ಅಳುತ್ತಾರೆ, ಮಾವನವರಿಗೆ ತಿಳಿದರೆ ಅವರೇ ಮೊದಲು ಬಾವಿಗೆ ಹೋದಾರು.

ನಾನು ಮೊರಪ್ಪೂರಿನವಳು. ಅಪ್ಪ ಅಲ್ಲಿನ ರೈಲ್ವೇ ಸ್ಟೇಷನ್ನಿನಲ್ಲಿ ಗೂಡ್ಸ್ ಕ್ಲರ್ಕ್ ಆಗಿದ್ದರು. ಹೆಣ್ಣುಮಗಳು ನಾಲ್ಕಕ್ಷರ ಕಲಿಯಲೆಂದು ಸೇಲಂನ ಕಾನ್ವೆಂಟಿನಲ್ಲಿ ಬಿಟ್ಟಿದ್ದರು. ಎಂಟನೆಯ ಕ್ಲಾಸಿನವರೆಗೆ ಅಲ್ಲೇ ಉಳಿದು ಓದಿದೆ. ಕನ್ನಡ ಬರೆಯಲು ಕಲಿಸಿದ್ದು ಮಾತ್ರ ಅಪ್ಪ, ರಜದಲ್ಲಿ, ಸ್ಲೇಟಿನ ಮೇಲೆ. ಕಾನ್ವೆಂಟಿನಲ್ಲಿ ನಮಗೆ ಹೊಲಿಗೆ ಹೇಳಿಕೊಟ್ಟ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ದೂರದ ದೇಶದವರು, ತಮಿಳನ್ನು ಜಪಮಾಲೆ ಎಣಿಸಿದ ಹಾಗೆ ಒಂದೊಂದೇ ಪದವಾಗಿ ಆಡುತ್ತಿದ್ದರು. ಗತಿಯಿಲ್ಲದೆ ಒಂದು ಬೆಳಿಗ್ಗೆ ಅವರ ಬಳಿಗೆ ಹೋದೆ.

ಬಾವಿಯ ವಿಷಯ ಮೊದಲು ಹೇಳಿದ್ದು ಅವರಿಗೇ. ಅವರು ದೇವರ ಮಾತು ಎತ್ತಲಿಲ್ಲ. ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟು, ತಮ್ಮ ಅಣ್ಣನ ಕಥೆ ಹೇಳಿದರು. ಆತ ದೊಡ್ಡ ಯುದ್ಧದಿಂದ ಒಂದು ಕಣ್ಣಿನಲ್ಲಿ ಮನೆಗೆ ಬಂದನಂತೆ. ಆರು ತಿಂಗಳು ಕುರ್ಚಿಯಿಂದ ಏಳಲಿಲ್ಲವಂತೆ. ಆಮೇಲೆ ಹುಲ್ಲಿನ ಕೊಟ್ಟಿಗೆಯಲ್ಲಿ ಇಸ್ಪೀಟಿನ ಎಲೆ ಸಿಕ್ಕಿಸಿ ಗಾಳಿಯ ಕೋವಿಯಿಂದ ಗುರಿ ಹೊಡೆಯುತ್ತಾ ಹೊಡೆಯುತ್ತಾ ಕಣ್ಣು ಕೈ ಮತ್ತೆ ಜೊತೆಯಾದವಂತೆ. "ಗುರಿ ಮುಖ್ಯವಲ್ಲ. ದಿನಾ ಒಂದು ವಸ್ತುವನ್ನು ಅಲ್ಲಿದೆ ಎಂದು ನಂಬಬೇಕು," ಎಂದರು. ಹೊರಡುವಾಗ ಕಾನ್ವೆಂಟಿನ ಏರ್‌ಗನ್ನನ್ನೇ ಹಳೆಯ ಮೇಜುಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಸೀಬೆಮರಕ್ಕೆ ಬರುವ ಮಂಗಗಳನ್ನು ಹೆದರಿಸಿ ಓಡಿಸಲು ಇಟ್ಟುಕೊಂಡಿದ್ದದ್ದು. ಚಪ್ಪಟೆ ಡಬ್ಬಿಯಲ್ಲಿ ಸೀಸದ ಗುಂಡುಗಳು, ಕಡಲೆಕಾಳಿಗಿಂತ ಚಿಕ್ಕವು, ಸೊಂಟ ಸಣ್ಣಗಿರುವಂಥವು. ಜಟ್ಕಾದಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬರುವಾಗ ನನ್ನ ಅಂಗಾಲು ಬೆವರುತ್ತಿತ್ತು.

ನಮ್ಮವರು ಅದನ್ನು ನೋಡಿ, "ಇದೇನೇ, ನೇಯೋನ ಮನೇಲಿ ತುಪಾಕಿ?" ಎಂದರು. ಕಣ್ಣು ಹೋದ ಮೇಲೆ ಅವರಾಗಿಯೇ ಕೇಳಿದ ಮೊದಲ ಪ್ರಶ್ನೆ ಅದು.

ಮಗ್ಗದ ಹಜಾರದ ಮೇಲೆ ನೂಲಿನ ಕಟ್ಟು ಇಡುವ ಹಲಗೆ ಅಟ್ಟವಿತ್ತು. ಹಜಾರದಷ್ಟೇ ಉದ್ದ, ಹನ್ನೆರಡು ಹೆಜ್ಜೆ, ಆ ತುದಿಗೆ ಕಿಟಕಿಯಿಲ್ಲದ ಇಟ್ಟಿಗೆ ಗೋಡೆ. ಹತ್ತಲು ಒಂದೇ ಏಣಿ, ಹಜಾರದ ಒಳಬಾಗಿಲಿನ ಆಚೆ ನಡುಮನೆಯಲ್ಲಿ, ಆದ್ದರಿಂದ ಯಾರೂ ತಿಳಿಯದೆ ಅಡ್ಡ ಬರುವಂತಿರಲಿಲ್ಲ. ಗೋಡೆಗೆ ಸೀಮೆಎಣ್ಣೆ ಡಬ್ಬದ ತಗಡನ್ನು ಬಿಡಿಸಿ ಒರಗಿಸಿ, ಅದರ ಮುಂದೆ ನನ್ನ ಹಳೆಯ ಕಾಪಿ ಪುಸ್ತಕದ ಹಾಳೆಯಲ್ಲಿ ಬಳೆ ಇಟ್ಟು ವೃತ್ತ ಬರೆದು ಅಂಟಿಸಿದೆ. ಬಲಗಣ್ಣು ಇಲ್ಲದವರು ಎಡಭುಜಕ್ಕೆ ಕೋವಿ ಒತ್ತಬೇಕು. ಅದೂ ಹೊಸದು. ಮೊದಲ ದಿನ ಒಂದು ಗುಂಡೂ ಹಾಳೆಗೆ ತಗುಲಲಿಲ್ಲ, ತಗಡಿಗೆ ಮಾತ್ರ ತಗುಲಿದವು. ಠಣ್. ಮತ್ತೆ ಠಣ್.

ನನಗೆ ಆ ಸದ್ದು ಎಷ್ಟು ಹಿತವಾಗಿತ್ತು ಎಂದು ಈಗ ಹೇಗೆ ಬರೆಯಲಿ? ಅಡುಗೆಮನೆಯಲ್ಲಿ ಬೇಳೆ ಆರಿಸುತ್ತಾ ಕುಳಿತಿದ್ದರೂ ಠಣ್ ಎಂದರೆ ಅವರು ಮೇಲಿದ್ದಾರೆ, ಹಿತ್ತಲಲ್ಲಿಲ್ಲ. ಇನ್ನೊಂದು ಠಣ್. ಇನ್ನೂ ಇದ್ದಾರೆ. ಎಷ್ಟೋ ದಿನದ ಮೇಲೆ ಬೇಳೆಯಲ್ಲಿ ಕಲ್ಲು ಬಿಡದೆ ಆರಿಸಿದೆ.

ಬೇರೆಯವರಿಗೆ ಹಿತವಾಗಬೇಕಲ್ಲ. ಎರಡನೆಯ ದಿನವೇ ಪಕ್ಕದ ಮನೆಯ ತಮಿಳು ಹೆಂಗಸು ಗೋಡೆಯ ಮೇಲೆ ತಲೆಯಿಟ್ಟು, "ಎನ್ನಮ್ಮಾ ಇದು ಸತ್ತಂ, ಇಷ್ಟೊಂದು ಸದ್ದು? ಪಾತ್ರೆಗೆ ಕಲಾಯಿ ಹಾಕೋ ಅಂಗಡಿ ಇಟ್ಟಿದ್ದೀರಾ?" ಎಂದು ಕೇಳಿದಳು. ಆ ಮಾತನ್ನು ತಡೆದುಕೊಳ್ಳಬಹುದಿತ್ತು. ಮಾವನವರನ್ನು ತಡೆಯಲಾಗಲಿಲ್ಲ. ಪ್ರತಿ ಠಣ್‌ಗೂ ಕೆಳಗೆ ಅವರ ಮಗ್ಗ ತಪ್ಪುತ್ತಿತ್ತು. ಮೂರನೆಯ ದಿನ ಗುಂಡಿಯಿಂದ ಎದ್ದು ಬಂದು, ಮಗ ಏಣಿಯ ಮೇಲೆ ನಿಂತು ಕೇಳುತ್ತಿದ್ದಂತೆಯೇ, ನಮ್ಮತ್ತೆಗೆ ಹೇಳಿದರು.

"ಇನ್ನೊಂದು ದಪ ಆ ಸದ್ದು ನನ್ನ ಕಿವೀಗೆ ಬಿತ್ತೋ, ಆ ತುಪಾಕೀನ ನಾನೇ ತಕ್ಕೊಂಡೋಗಿ ಸಿಸ್ಟ್ರಮ್ಮನ ಬಾಗ್ಲಾಗೆ ಬಿಸಾಕಿ ಬತ್ತೀನಿ. ಅನ್ನು ಅವನಿಗೆ."

ಅತ್ತೆ ಅಂದು ಮಗನಿಗೆ ಏನೂ ಅನ್ನಲಿಲ್ಲ. ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು. "ಅವತ್ತು ಆ ಲಾಳಿ ಕಣ್ಣಿಗೆ ಬಡ್ದು, ಪಕ್ದಾಗಿದ್ದ ಇತ್ತಾಳೆ ಚೊಂಬಿನ್ ಮ್ಯಾಲೆ ಬಿತ್ತಂತೆ. ಇಂಗೇ ಠಣ್ ಅಂತಂತೆ ಕಣಮ್ಮಿ. ನಿಮ್ಮಾವ ನಿದ್ದೇಲೂ ಎದ್ದು ಕುಂತ್ಕೋತಾರೆ."

ಮಾವನವರನ್ನು ದೂರುವಂತಿರಲಿಲ್ಲ. ಕೋವಿಯನ್ನು ಕಳೆದುಕೊಳ್ಳುವಂತೆಯೂ ಇರಲಿಲ್ಲ. ಕೋವಿ ಹೋದರೆ ನಮ್ಮವರು ಮತ್ತೆ ಹಿತ್ತಲಿಗೆ ಹೋಗುತ್ತಾರೆ, ಇದು ನನಗೆ ಸ್ಪಷ್ಟವಾಗಿತ್ತು. ಗುಂಡನ್ನು ಸದ್ದಿಲ್ಲದೆ ನುಂಗುವ ಏನನ್ನಾದರೂ ನಾನು ಮಾಡಲೇಬೇಕಿತ್ತು.

ಮೊದಲು ಹೊಳೆದದ್ದು ಮರಳು. ಗೋಣಿಚೀಲಕ್ಕೆ ಮರಳು ತುಂಬಿ, ಬಾಯಿ ಹೊಲಿದು, ಗೋಡೆಗೆ ಒರಗಿಸಿದೆವು. ಗುಂಡು ಬಿದ್ದರೆ ಪುಸ್ ಎಂದಿತು, ಅಷ್ಟೇ. ಅದೇನು ಸಂತೋಷ! ಆದರೆ ಗುಂಡು ಹೊಕ್ಕ ಒಂದೊಂದು ತೂತಿನಿಂದಲೂ ಮರಳು ದಾರವಾಗಿ ಇಳಿಯುತ್ತಿತ್ತು. ಇಳಿದದ್ದು ಅಟ್ಟದ ಹಲಗೆಯ ಸಂದಿಯಲ್ಲಿ ಸೋರಿ, ನೇರವಾಗಿ ಕೆಳಗೆ ಮಾವನವರ ಮಗ್ಗದ ಹಾಸಿನ ಮೇಲೆ. ಬಿಗಿದ ನೂಲಿನ ಮೇಲೆ ಮರಳು ಬಿದ್ದು ಹಣಿಗೆ ಅದರ ಮೇಲೆ ಓಡಾಡಿದರೆ ಏನಾಗುತ್ತದೆ ಎಂದು ನೇಕಾರರಿಗೆ ಹೇಳಬೇಕಿಲ್ಲ. ಗರಗಸ ಆಡಿದ ಹಾಗೆ. ಮಧ್ಯಾಹ್ನದೊಳಗೆ ಒಂದು ಅಂಗೈ ಅಗಲಕ್ಕೆ ಎಳೆಗಳು ಹರಿದು ಜೋಲಾಡುತ್ತಿದ್ದವು.

ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡು, ಒಂದೊಂದೇ ಎಳೆ ಗಂಟು ಹಾಕಲು ಕುಳಿತರು. ಏಣಿಯ ಮೇಲಿಂದ ನಮ್ಮವರು ಅದನ್ನು ನೋಡುತ್ತಿದ್ದರು. ತಾನು ಮಾಡಬೇಕಾದ ಕೆಲಸ, ತನ್ನಿಂದಲೇ ಕೆಟ್ಟದ್ದು, ಮುದುಕನ ಕೈಯಲ್ಲಿ. ಅಂದು ರಾತ್ರಿ ಅವರು ಉಣ್ಣಲಿಲ್ಲ. "ಬುಡು," ಎಂದರು ನನಗೆ. "ಎಲ್ಲಿ ಓದ್ರೂ ನನ್ನಿಂದ ಆಗೋದು ಇಷ್ಟೇ. ಬುಟ್ಬುಡು."

ಬಿಡುವುದು ಎಂದರೆ ಏನನ್ನು ಬಿಡುವುದು?

ಬೆಳಿಗ್ಗೆ ಎದ್ದವಳೇ ಮೂಲೆಯ ಬುಟ್ಟಿಯ ಮುಂದೆ ಕುಳಿತೆ. ನೇಯುವ ಮನೆಯಲ್ಲಿ ಹರಿದ ನೂಲು, ಹಾಸಿನ ಕೊನೆಯಲ್ಲಿ ಕತ್ತರಿಸಿದ ತುದಿ, ಗಂಟಿನ ತುಂಡು ಎಲ್ಲ ಒಂದು ಬುಟ್ಟಿಯಲ್ಲಿ ಸೇರುತ್ತದೆ. ನಮ್ಮ ಕುಲದ ಕಥೆಯಲ್ಲಿ ನೂಲು ದೇವರ ಹೊಕ್ಕಳಿಂದ ಬಂದದ್ದು. ತುಳಿಯುವಂತಿಲ್ಲ, ಗುಡಿಸಿ ತಿಪ್ಪೆಗೆ ಹಾಕುವಂತಿಲ್ಲ. ನಮ್ಮ ಮನೆಯಲ್ಲಿ ಹೀಗೆ ಸೇರಿದ್ದು ಮೂರು ಬುಟ್ಟಿ ಇತ್ತು. ಹತ್ತಿಯೇ ತಾನೆ, ಗುಂಡನ್ನು ಹಿಡಿದೀತು ಎಂದು ನೂಲಿನ ಹಳೆಯ ಮರದ ಪೆಟ್ಟಿಗೆಯಲ್ಲಿ ಒತ್ತೊತ್ತಿ ತುಂಬತೊಡಗಿದೆ.

ಅತ್ತೆ ಬಂದು ನೋಡಿದರು. "ಅಯ್ಯೋ, ನೂಲಿಗಾ ಗುಂಡು ಒಡ್ಯೋದು?" ಎಂದು ಎರಡು ಕೆನ್ನೆಗೂ ಹೊಡೆದುಕೊಂಡರು. "ಕಾನ್ವೆಂಟ್‌ನಾಗೆ ಇದನ್ನಾ ಕಲ್ಸಿದ್ದು?"

ನನಗೆ ಅಲ್ಲಿಯವರೆಗೆ ತಡೆದದ್ದೆಲ್ಲ ಕಟ್ಟೆಯೊಡೆಯಿತು. ಬಾವಿಯ ವಿಷಯ ಹೇಳಿಬಿಟ್ಟೆ. ಕಾಲು ಹೇಗೆ ಇಳಿಬಿಟ್ಟಿದ್ದರು, ಏನೆಂದರು, ಎಲ್ಲ.

ಅತ್ತೆ ಅಳಲಿಲ್ಲ. ಗೂಡಿನಿಂದ ಕತ್ತರಿ ತಂದು ನನ್ನ ಎದುರಿಗೆ ಕುಳಿತರು.

"ನೂಲು ಅಂದ್ರೆ ಏನು? ಗೇಣುದ್ದ ಇರ್ಬೇಕು," ಎಂದರು. "ಗೇಣಿಗಿಂತ ಮೋಟಾದ್ದು ನೂಲಲ್ಲ, ಬರೀ ಅತ್ತಿ. ಅತ್ತೀಗೆ ಗುಂಡು ಒಡದ್ರೆ ಯಾವ ದೇವ್ರು ಕೇಳ್ತಾನೆ?" ಹೀಗೆಂದು ಗೇಣುದ್ದದ್ದನ್ನೆಲ್ಲ ಹುಡುಕಿ ಹುಡುಕಿ ಎರಡಾಗಿ ಕತ್ತರಿಸತೊಡಗಿದರು. ಇಂಥ ಶಾಸ್ತ್ರವನ್ನು ಅದಕ್ಕೆ ಮೊದಲೂ ಆಮೇಲೂ ನಾನು ಯಾರ ಬಾಯಲ್ಲೂ ಕೇಳಿಲ್ಲ. ಎರಡು ದಿನ ಕತ್ತರಿಸಿದೆವು. ಅವರ ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತು.

ಆದರೂ ನಾನೊಂದು ದಡ್ಡತನ ಮಾಡಿದ್ದೆ. ಮಗ್ಗದಿಂದ ಬಂದ ನೂಲೆಲ್ಲ ಗಂಜಿ ಕುಡಿದದ್ದು. ಆ ಗಂಜಿಯನ್ನು ದಿನಾ ಕಾಯಿಸುವವಳು ನಾನೇ, ನನಗೇ ಹೊಳೆಯಲಿಲ್ಲ. ಒತ್ತಿ ತುಂಬಿದ ಗಂಜಿನೂಲು ಹಲಗೆಯ ಹಾಗಾಗಿತ್ತು. ಮೊದಲ ಗುಂಡು ಟಪ್ ಎಂದು ಬಡಿದು, ವಾಪಸ್ಸು ಹಾರಿ ನಮ್ಮವರ ಪಾದದ ಬಳಿ ಬಿತ್ತು. ಇನ್ನೊಂದು ಕಣ್ಣಿಗೆ ಬಡಿದಿದ್ದರೆ? ಕೋವಿಯನ್ನು ಕಿತ್ತುಕೊಂಡು, ಎಲ್ಲವನ್ನೂ ಪೆಟ್ಟಿಗೆಯಿಂದ ಹೊರಗೆ ಸುರಿದು, ಹಂಡೆಯ ಬಿಸಿನೀರಿನಲ್ಲಿ ನೆನೆಹಾಕಿದೆ. ನೀರು ಮೂರು ಸಲ ಹಾಲಿನಂತೆ ಬೆಳ್ಳಗಾಯಿತು. ನಾಲ್ಕನೆಯ ಸಲ ತಿಳಿಯಾಯಿತು. ಬಿಸಿಲಿನಲ್ಲಿ ಒಣಗಿಸಿ, ಬೆರಳಿನಿಂದ ಬಿಡಿಸಿ ಬಿಡಿಸಿ, ಈ ಸಲ ಒತ್ತದೆ ಹಗುರವಾಗಿ ತುಂಬಿದೆ.

ಮುಂದುಗಡೆ ಹಲಗೆ ತೆಗೆದು ಹಳೆಯ ಜಮಖಾನದ ತುಂಡು ಕಟ್ಟಿದೆ. ಬಿಗಿಯಾಗಿ ಕಟ್ಟಿದರೆ ತಮಟೆಯ ಹಾಗೆ ಸದ್ದು ಬರುತ್ತದೆ, ಸಡಿಲ ಬಿಟ್ಟರೆ ಬಟ್ಟೆ ತಾನೇ ಹಿಂದಕ್ಕೆ ಸರಿದು ಗುಂಡಿನ ವೇಗ ಕುಡಿದುಬಿಡುತ್ತದೆ ಎಂದು ಎರಡು ಸಲ ಕಟ್ಟಿ ಬಿಚ್ಚಿದ ಮೇಲೆ ತಿಳಿಯಿತು. ಹಿಂದುಗಡೆ, ಹತ್ತಿಗೂ ಹಲಗೆಗೂ ನಡುವೆ, ಇನ್ನೊಂದು ಜಮಖಾನವನ್ನು ಎಂಟು ಮಡಿಕೆ ಮಾಡಿ ತೂಗಬಿಟ್ಟೆ. ಆದರೂ ಗುಂಡು ಬಿದ್ದಾಗ ಅಟ್ಟದ ಹಲಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಅದಕ್ಕೆ ಕೊಡದ ಕೆಳಗಿಡುವ ಹುಲ್ಲಿನ ಸಿಂಬಿ ನಾಲ್ಕು ತಂದು ಪೆಟ್ಟಿಗೆಯ ನಾಲ್ಕು ಮೂಲೆಗೆ ಕೊಟ್ಟೆ. ಗೋಡೆಗೂ ತಾಗದಂತೆ ನಾಲ್ಕು ಬೆರಳು ಈಚೆಗಿಟ್ಟೆ.

ನಮ್ಮವರು ಕೋವಿಗೆ ಗಾಳಿ ತುಂಬಿ, ಎಡಭುಜಕ್ಕೆ ಒತ್ತಿ, ಹೊಡೆದರು. ಕೋವಿಯದೇ ಒಂದು ಸಣ್ಣ ಠುಸ್. ಆಚೆ ಏನೂ ಇಲ್ಲ. ಜಮಖಾನ ಒಮ್ಮೆ ಉಸಿರೆಳೆದುಕೊಂಡ ಹಾಗಾಯಿತು. ಕೆಳಗೆ ಮಾವನವರ ಮಗ್ಗ ಒಂದು ಹೊಡೆತವೂ ತಪ್ಪಲಿಲ್ಲ.

ಗೆದ್ದೆ ಎಂದುಕೊಂಡು ಕೆಳಗಿಳಿದು ಬಂದು ಬೇಳೆ ಆರಿಸಲು ಕುಳಿತೆ. ಆಗ ತಿಳಿಯಿತು ನಾನು ಮಾಡಿಕೊಂಡದ್ದು ಏನು ಎಂದು. ಅಡುಗೆಮನೆಗೆ ಏನೂ ಕೇಳಿಸುತ್ತಿರಲಿಲ್ಲ. ಕೋವಿಯ ಆ ಠುಸ್ ಕೂಡ ಮಗ್ಗದ ಸದ್ದಿನಲ್ಲಿ ಮುಳುಗುತ್ತಿತ್ತು. ಮೇಲೆ ಮನುಷ್ಯ ಇದ್ದಾನೋ ಇಲ್ಲವೋ ಎಂದು ತಿಳಿಸುತ್ತಿದ್ದ ಒಂದೇ ಒಂದು ಸದ್ದನ್ನು ಎಂಟು ದಿನ ಕಷ್ಟಪಟ್ಟು, ನನ್ನ ಕೈಯಾರೆ, ಕೊಂದುಹಾಕಿದ್ದೆ.

ದಿನಕ್ಕೆ ಎಷ್ಟು ಸಲ ಆ ಏಣಿ ಹತ್ತಿದೆನೋ. ನೀರು ಬೇಕಾ ಎಂದು ಒಂದು ಸಲ, ಹಾಳೆ ಬದಲಾಯಿಸಲಾ ಎಂದು ಒಂದು ಸಲ. ಅವರು, "ಎಷ್ಟು ದಪ ಬರ್ತೀಯೇ? ಗುರಿ ಕೆಡ್ತೈತೆ," ಎನ್ನುತ್ತಿದ್ದರು. ಗುರಿ ಕೆಟ್ಟಿರಲಿಲ್ಲ. ಬಳೆಯ ವೃತ್ತದ ಒಳಗೆ ಒಂದೊಂದು ತೂತು ಬೀಳಲು ಶುರುವಾಗಿತ್ತು. ಒಂದು ದಿನ ಹತ್ತರಲ್ಲಿ ನಾಲ್ಕು. ಮರುದಿನ ಒಂದೂ ಇಲ್ಲ, ಆ ದಿನ ಗೋಡೆ ನೋಡುತ್ತಾ ಮಲಗಿದ್ದರು. ಹೀಗೆ ಮೇಲೆ ಕೆಳಗೆ ಆಗುತ್ತಾ ಒಂದು ತಿಂಗಳು ಕಳೆಯಿತು.

ಅಮಾವಾಸ್ಯೆ ಬಂತು. ಅಮಾವಾಸ್ಯೆಯಂದು ನಮ್ಮ ಕುಲದವರು ಯಾರೂ ನೇಯುವುದಿಲ್ಲ. ಮಗ್ಗ ಮುಟ್ಟುವುದೂ ಇಲ್ಲ. ಇಡೀ ಬೀದಿ ಬಾಯಿ ಮುಚ್ಚಿಕೊಂಡಿರುತ್ತದೆ. ಅತ್ತೆ ಮಾವ ಬೆಳಿಗ್ಗೆಯೇ ಗುಡಿಗೆ ಹೋಗಿದ್ದರು. ಇಂದಾದರೂ ಕೋವಿಯ ಠುಸ್ ಕೇಳಿಸೀತು ಎಂದು ನಾನು ಅಡುಗೆಮನೆಯಲ್ಲಿ ಕೈ ಕಟ್ಟಿಕೊಂಡು ಕುಳಿತೆ. ಕಾಗೆ ಕೂಗಿತು. ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದರು. ಠುಸ್ ಇಲ್ಲ.

ಏಣಿ ಹತ್ತಿದೆ. ಕೋವಿ ಗೋಡೆಗೆ ಒರಗಿತ್ತು. ಗುಂಡಿನ ಡಬ್ಬಿ ಮುಚ್ಚಿತ್ತು. ಅವರಿರಲಿಲ್ಲ.

ಹಿತ್ತಲಿಗೆ ಹೇಗೆ ಹೋದೆನೋ ನೆನಪಿಲ್ಲ. ಬಾವಿಕಟ್ಟೆಯ ಮೇಲೆ ಅವರ ಅಂಗವಸ್ತ್ರ ಮಡಿಸಿಟ್ಟಿತ್ತು. ಬಗ್ಗಿ ನೋಡಿದೆ, ನೀರು ಕಪ್ಪಗೆ ಅಲುಗಾಡದೆ ಇತ್ತು. ಗೋಡೆಗೆ ತೂಗುಹಾಕಿದ್ದ ಪಾತಾಳಗರಡಿಯನ್ನು, ಬಿದ್ದ ಕೊಡ ಎತ್ತುವ ಆ ಕಬ್ಬಿಣದ ಕೊಂಡಿಗಳ ಗೊಂಚಲನ್ನು, ಹಗ್ಗ ಕಟ್ಟಿ ಇಳಿಬಿಟ್ಟೆ. ಗಂಡನನ್ನು ಹುಡುಕಲು ಕೊಡ ಹುಡುಕುವ ಕೊಂಡಿ. ತಳ ಮುಟ್ಟಿತು. ಎಳೆದೆ. ಏನೋ ಸಿಕ್ಕಿಕೊಂಡಿತು. ಭಾರವಾಗಿತ್ತು.

ಅದನ್ನು ಮೇಲೆಳೆದ ಹೊತ್ತು ನನ್ನ ಆಯುಷ್ಯದಲ್ಲಿ ಎಷ್ಟು ತಿಂದಿತೋ ಗೊತ್ತಿಲ್ಲ. ಹಗ್ಗ ಅಂಗೈ ಕೊಯ್ಯುತ್ತಿತ್ತು. ನೀರು ಒಡೆಯಿತು, ಕೆಸರು ಬಂತು. ಮೇಲೆ ಬಂದದ್ದು ಪಾಚಿ ಹಿಡಿದ ಒಂದು ತಾಮ್ರದ ಕೊಡ.

ಅದನ್ನು ಕಟ್ಟೆಯ ಮೇಲೆ ಬಿಟ್ಟು, ಬೀದಿಯವರನ್ನು ಕರೆಯಲು ಮನೆಯೊಳಗಿಂದ ಮುಂಬಾಗಿಲಿಗೆ ಓಡಿದೆ. ಅಮಾವಾಸ್ಯೆಯೆಂದು ಮುಚ್ಚಿದ್ದ ಮಗ್ಗದ ಹಜಾರದ ಬಾಗಿಲು ತಳ್ಳಿದರೆ, ಗುಂಡಿಯ ಮೇಲೆ ಒಂದು ತಲೆ ಕಾಣಿಸಿತು.

ಅವರು ತಮ್ಮ ಮಗ್ಗದಲ್ಲಿ ಕುಳಿತಿದ್ದರು. ತಿಂಗಳುಗಟ್ಟಲೆ ಧೂಳು ತಿಂದಿದ್ದ ಹಾಸಿನಲ್ಲಿ ಹರಿದ ಎಳೆಗಳನ್ನು ಒಂದೊಂದಾಗಿ ಹಣಿಗೆಯಲ್ಲಿ ತೂರಿಸುತ್ತಿದ್ದರು. ನನ್ನನ್ನು ನೋಡಲು ಇಡೀ ತಲೆ ತಿರುಗಿಸಬೇಕು ಅವರು.

"ಯಾಕೇ, ಸೀರೆ ನೆಂದೈತೆ?"

"ಬಾವೀಲಿ ಕೊಡ ಇತ್ತು," ಎಂದೆ. ಬಾಗಿಲ ಪಟ್ಟಿ ಹಿಡಿದುಕೊಂಡು ಕೂತುಬಿಟ್ಟೆ. "ಇವತ್ತು ಅಮಾಸೆ. ಮಗ್ಗ ಮುಟ್ಟಬಾರದು."

"ಅದಕ್ಕೇ ಇವತ್ತು," ಎಂದರು. "ಬೇರೆ ದಿನ ಆದ್ರೆ ಅಪ್ಪ ಪಕ್ದಾಗೆ ಇರ್ತದೆ. ಆಗ್ದೆ ಓದ್ರೆ ನೋಡ್ತದೆ."

ಅಷ್ಟರಲ್ಲಿ ಬೀದಿಬಾಗಿಲು ತೆರೆಯಿತು. ಅತ್ತೆ ಮಾವ ಕುಂಕುಮ ಹೂವು ಹಿಡಿದು ನಿಂತಿದ್ದರು. ಅತ್ತೆ, "ಅಯ್ಯೋ ಅಮಾಸೆ ಕಣಪ್ಪಾ! ಏಳು ಮೇಲೆ," ಎಂದು ಕೂಗಿದರು. ಮಾವನವರು ಹತ್ತಿರ ಬಂದರು. ಗುಂಡಿಗೆ ಇಳಿಯಲಿಲ್ಲ, ಮಗ್ಗ ಮುಟ್ಟಲಿಲ್ಲ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿ, ಬಗ್ಗಿ ಹಣಿಗೆಯ ಹಲ್ಲುಗಳನ್ನು ನೋಡಿದರು.

"ಒಂದೇ ಅಲ್ಲಾಗೆ ಎರಡು ಎಳೆ ಓಗೈತೆ ನೋಡ್ಲಾ," ಎಂದರು.

ನಮ್ಮತ್ತೆಗಲ್ಲ, ಮಗನಿಗೆ.

"ಎಲ್ಲಪ್ಪಾ?"

"ಬಲಗಡೆ. ಇನ್ನೂ ಬಲಗಡೆ. ಊಂ, ಈಗ ಮುಂದಕ್ಕೆ. ಇನ್ನೂ ಒಂದ್ ಚೂರು. ಅಲ್ಲ, ದಾಟ್ಬುಟ್ಟೆ."

ಬೆರಳು ಹಿಂದೆ ಬಂತು, ತಪ್ಪಿತು, ಮತ್ತೆ ಹೋಯಿತು. ಮಾವನವರ ಬೆನ್ನ ಹಿಂದೆ ಒಂದು ಕೈ ಇನ್ನೊಂದು ಕೈಯನ್ನು ಹಿಡಿದೇ ಇತ್ತು. ಮಗ ಆ ಎಳೆಯನ್ನು ಬಿಡಿಸುವಷ್ಟರಲ್ಲಿ ಅತ್ತೆಯ ಕೈಯ ಹೂವು ಬಾಡಿತ್ತೆಂದರೆ ಸುಳ್ಳಲ್ಲ. ಆಮೇಲೆ ಅತ್ತೆ ಹಿತ್ತಲಿಗೆ ಹೋದವರು ಅಲ್ಲಿಂದಲೇ, "ಯವ್ವಾ, ಇದು ನನ್ನ ಮದ್ವೆ ಕೊಡ! ಯಾರು ತಕ್ಕೊಟ್ರು?" ಎಂದು ಕೂಗಿದರು. ನಾನು ನಕ್ಕೆನೋ ಅತ್ತುಬಿಟ್ಟೆನೋ, ಎರಡೂ ಇರಬೇಕು.

ಕಷ್ಟ ಅಲ್ಲಿಗೆ ಮುಗಿಯಿತೆಂದು ಬರೆದರೆ ಅದು ಸುಳ್ಳಾಗುತ್ತದೆ. ಆ ಹಾಸನ್ನು ಅವರು ಪೂರೈಸಲಾಗಲಿಲ್ಲ, ಮಾವನವರೇ ನೇಯ್ದರು. ನಮ್ಮವರು ಮುಂದೆ ನೇಯ್ದದ್ದು ದಪ್ಪ ನೂಲಿನ ಟವೆಲ್ಲುಗಳನ್ನು ಮಾತ್ರ. ಅಂಚಿನ ಪಂಚೆಗೆ ಮತ್ತೆ ಕೈ ಹಾಕಲಿಲ್ಲ. ಆ ಬೆಳಿಗ್ಗೆ ಅವರು ಬಾವಿಕಟ್ಟೆಯ ಮೇಲೆ ಅಂಗವಸ್ತ್ರವನ್ನು ಮಡಿಸಿಟ್ಟು ಆಮೇಲೆ ಮಗ್ಗಕ್ಕೆ ಯಾಕೆ ಬಂದರು ಎಂದು ನಾನು ಕೇಳಲಿಲ್ಲ. ಮುಖ ತೊಳೆಯಲು ಹೋಗಿದ್ದಿರಬಹುದು. ಇಲ್ಲದೆಯೂ ಇರಬಹುದು.

ಕೇಳಿದ್ದು ಒಂದೇ. ಮರುದಿನ ಅವರು ಏಣಿ ಹತ್ತುವಾಗ ಹೇಳಿದೆ, "ಒಂದೊಂದು ಗುಂಡು ಹೊಡೆದಾಗ್ಲೂ ಜೋರಾಗಿ ಎಣಿಸಿ. ನಂಗೆ ಕೇಳಿಸ್ಬೇಕು."

"ಯಾಕೆ?"

"ಬೇಕು."

ಏಣಿಯ ಮೇಲೆ ನಿಂತು, ತಲೆಯನ್ನು ಪೂರ್ತಿ ತಿರುಗಿಸಿ, ನನ್ನನ್ನು ನೋಡಿದರು. ಹಗ್ಗ ಕೊಯ್ದ ನನ್ನ ಅಂಗೈಗೆ ಅರಿಶಿನ ಹಚ್ಚಿ ಬಟ್ಟೆ ಸುತ್ತಿತ್ತು. ಅದನ್ನೂ ನೋಡಿದರು. ಸ್ವಲ್ಪ ಹೊತ್ತಿಗೆ ಎರಡು ಮಗ್ಗದ ಸದ್ದಿನಷ್ಟು ದೊಡ್ಡ ದನಿಯಲ್ಲಿ, "ಒಂದು!" ಎಂದು ಮೇಲಿನಿಂದ ಕೇಳಿಸಿತು. ಕೆಳಗೆ ಮಾವನವರು ಬೆಚ್ಚಲಿಲ್ಲ.

ಅಂದಿನಿಂದ ನಾನು ಆ ಎಣಿಕೆಗೇ ಅಡುಗೆ ಮಾಡಿದೆ. ಏಳಕ್ಕೂ ಎಂಟಕ್ಕೂ ನಡುವೆ ತಡವಾದರೆ ಒಗ್ಗರಣೆ ಸೀದುಹೋಗುತ್ತಿತ್ತು. ಒಂದು ದಿನ ಹನ್ನೊಂದಕ್ಕೆ ದನಿ ನಿಂತುಬಿಟ್ಟಿತು. ಕಾದೆ. ಬರಲಿಲ್ಲ. ಸೌಟು ಎಸೆದು ಓಡಿ ಏಣಿಯ ಮೂರನೆಯ ಮೆಟ್ಟಿಲಿಗೆ ಕಾಲಿಟ್ಟಿದ್ದೆ.

"ಗುಂಡು ಖಾಲಿ ಆಗೈತೆ ಕಣೇ," ಎಂದು ಮೇಲಿನಿಂದ ಹೇಳಿದರು. "ಇಲ್ಲೇ ಇವ್ನಿ. ಓಗು, ಅನ್ನ ಸೀದೋಗ್ತೈತೆ."